ಹಳೆಯ ಜೀಪಿಗೆ ಫೋರ್ ಹಾಕುವ, ತೆಗೆಯುವ ಹಾಗೂ ಯಾವ ಕಾರಣಕ್ಕೂ ಹಿಂದಕ್ಕೆ ಸರಿಯದಿರುವ ಕುರಿತು

ಉಪವಿಭಾಗ ಕಚೇರಿ, ಅಂಕೋಲಾ
(ಶಿಬಿರ: ಕಾರವಾರ)

ಸುತ್ತೋಲೆ ಸಂಖ್ಯೆ: ಜೀಪು/ಗಿ.ಕೋ./ಹಿಂ.ಸ.ನಿ./ಪ್ರಭಾರ

ವಿಷಯ: ಸರ್ಕಾರಿ ಜೀಪಿನ ಗಿಡ್ಡ ಕೋಲಿನ ಬಳಕೆ, ಚಕ್ರಗಳ ಶಿಸ್ತು ಮತ್ತು ಶ್ರೀಮತಿ ಹೀರಾ ಜಟ್ಟಿ ಗೌಡ ಇವರು ಆಸ್ಪತ್ರೆ ತಲುಪದಿರುವ ಬಗ್ಗೆ.

ಉಲ್ಲೇಖ: 1. ಕೆಳಸಹಿದಾರರ ಮೌಖಿಕ ಆದೇಶ, ಕದ್ವಾಡದಲ್ಲಿ ಡಾಂಬರು ಆರಂಭವಾಗುವ ಸ್ಥಳದಲ್ಲಿ ನೀಡಿದ್ದು.
2. ತೋಟದ ವಿಭಾಗದ ಉತ್ತರ, ಗೇರು ಬೆಳೆಯ ಋತುಮಾನ ಕುರಿತದ್ದು.
3. ಶ್ರೀಮತಿ ಹೀರಾ ಇವರ ಹೇಳಿಕೆ, ಯಾರೂ ಕೇಳದೆ ನೀಡಿದ್ದು.

ಪ್ರಸ್ತಾವನೆ:

ಈ ಕಚೇರಿಯ ವಶದಲ್ಲಿರುವ ಜೀಪು ಬೇಲೆಕೇರಿಯ ಉಪ್ಪುಗಾಳಿಯಲ್ಲಿ ಬಹುಕಾಲ ನಿಂತು, ನೆಲದ ತಗಡನ್ನು ಅಲ್ಲಲ್ಲಿ ಕಳೆದುಕೊಂಡಿದ್ದರೂ, ಕೆಸರಿನ ಏರನ್ನು ಹತ್ತುವುದರಲ್ಲಿ ಇಂದಿಗೂ ಸಮರ್ಥವಾಗಿದೆ. ಸದರಿ ವಾಹನದಲ್ಲಿ ಮಾಮೂಲು ಗೇರಿನ ಕೋಲಿನ ಪಕ್ಕದಲ್ಲಿ ಮತ್ತೊಂದು ಗಿಡ್ಡ ಕೋಲಿರುತ್ತದೆ. ಅದನ್ನು ಎಳೆದಲ್ಲಿ ಹಿಂದಿನ ಎರಡು ಚಕ್ರಗಳೊಡನೆ ಮುಂದಿನ ಎರಡೂ ದುಡಿಯತೊಡಗುತ್ತವೆ. ತಳ್ಳಿದಲ್ಲಿ ಮುಂದಿನವು ಸುಮ್ಮನೆ ಉರುಳುತ್ತವೆ. ಮೊದಲನೆಯದಕ್ಕೆ ‘ಫೋರ್ ಹಾಕುವುದು’ ಎಂದೂ ಎರಡನೆಯದಕ್ಕೆ ‘ಫೋರ್ ತೆಗೆಯುವುದು’ ಎಂದೂ ಚಾಲಕವರ್ಗದಲ್ಲಿ ರೂಢಿಯಾಗಿದೆ.

ಈ ಮಳೆಗಾಲದಲ್ಲಿ ಕೆಳಸಹಿದಾರರು ಕದ್ವಾಡದ ಮೇಲಿನ ಗುಡ್ಡದ ಕೇರಿಗೆ ಧರೆ ಕುಸಿತದ ಪರಿಶೀಲನೆಗಾಗಿ ತೆರಳಿದ್ದರು. ಪರಿಶೀಲನೆ ಮುಗಿದು, ಎಳನೀರು ಸ್ವೀಕರಿಸಿ, ಹೊರಡುವ ವೇಳೆಗೆ, ಅದೇ ಧರೆಯಲ್ಲಿ ಜಾರಿ ಕಾಲು ಮುರಿದುಕೊಂಡ ಹೀರಾ ಎಂಬ ಮಹಿಳೆಯನ್ನು ಊರವರು ತಂದು, ಪೂರ್ವಾನುಮತಿಯಿಲ್ಲದೆ, ಜೀಪಿನ ಹಿಂಬದಿ ಆಸನದಲ್ಲಿ ಮಲಗಿಸಿರುತ್ತಾರೆ. ಆ ಕೇರಿಗೆ ಬೇರಾವ ವಾಹನವೂ ಹತ್ತದ ಕಾರಣ, ಕೆಳಸಹಿದಾರರು ಮಾನವೀಯ ನೆಲೆಯಲ್ಲಿ ಆಕ್ಷೇಪಣೆಯನ್ನು ಮನಸ್ಸಿನಲ್ಲಿಯೇ ದಾಖಲಿಸಿಕೊಂಡರು.

ಚಾಲಕ ಸುಕ್ರ ಫೋರ್ ಹಾಕಿ ಕೆಸರಿನ ಇಳಿಜಾರನ್ನು ದಾಟಿಸಿದನು. ಅಷ್ಟರಲ್ಲಿ ಬಿಸಿಲು ಬಿದ್ದು ಡಾಂಬರು ಒಣಗಿತ್ತು. ರಸ್ತೆಗೆ ಬಂದೊಡನೆ ಸದರಿ ಚಾಲಕನು, “ಡಾಂಬರ್ ಬಂತ್ರಾ ಸಾಯೇಬ್ರೆ, ಫೋರ್ ತೆಗೀತೆ. ಇಲ್ದಿದ್ರೆ ತಿರುವಲ್ಲಿ ಕಚ್ಕಣ್ತದೆ” ಎಂದು ನುಡಿದು ಗಿಡ್ಡ ಕೋಲಿಗೆ ಕೈ ಹಾಕಿದನು. ಕೆಳಸಹಿದಾರರು ತಡೆದರು. ನಾಲ್ಕೂ ಚಕ್ರಗಳಿಗೆ ಸರ್ಕಾರವು ಟಯರು ಒದಗಿಸಿರುವಾಗ ಎರಡು ಮಾತ್ರ ದುಡಿದು, ಉಳಿದೆರಡು ಜೊತೆಯಲ್ಲಿ ಉರುಳುತ್ತ ಕಾರವಾರದವರೆಗೆ ಬರುವುದು ಅವರ ಆಡಳಿತ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಇಂಥ ನೌಕರರನ್ನು ಅವರು ಕಚೇರಿಯಲ್ಲಿಯೇ ಸಾಕಷ್ಟು ಕಂಡಿದ್ದರು. “ನಾಲ್ಕೂ ದುಡಿಯಲಿ” ಎಂದು ಆದೇಶಿಸಿದರು (ಉಲ್ಲೇಖ 1).

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ ಎಂಬ ವಿಷಯವು ಆವರೆಗೆ ಕಚೇರಿಯ ಗಮನಕ್ಕೆ ಬಂದಿರಲಿಲ್ಲ. ಕೆಸರಿನಲ್ಲಿ ಆ ವ್ಯತ್ಯಾಸವು ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಸರಿಹೋಗದೆ ಯಂತ್ರದೊಳಗೆ ಬಿಗಿಯುತ್ತ ಹೋಗುತ್ತದೆ. ಪರಿಣಾಮವಾಗಿ, ಹಬ್ಬುವಾಡದ ಏರು ತಿರುವಿನಲ್ಲಿ ಟಯರುಗಳು ಕಿರುಚಿ, ಸ್ಟೇರಿಂಗು ಬಿಗಿದು, ಜೀಪು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಗಿಡ್ಡ ಕೋಲನ್ನು ಚಾಲಕನು ತಳ್ಳಿದನು, ಕೆಳಸಹಿದಾರರೂ ತಳ್ಳಿದರು. ಅದು ಅಲುಗಲಿಲ್ಲ.

ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಲ್ಲಿ ಬಿಗಿತ ಸಡಿಲಿ ಕೋಲು ತಾನೇ ಬಿಡುತ್ತದೆ ಎಂದು ಚಾಲಕನು ತಿಳಿಸಿದನು. ಹಿಂದೆ ನಿಂತ ರಿಕ್ಷಾದವರೂ “ಹಿಂದೆ ತಗಳ್ರಾ, ಹಿಂದೆ!” ಎಂದು ಕೂಗಿದರು. ಆದರೆ ಅಧಿಕಾರಿ ಕುಳಿತಿರುವ ವಾಹನವು ಹಿಂದಕ್ಕೆ ಚಲಿಸತಕ್ಕದ್ದಲ್ಲ ಎಂಬ ಸ್ಥಾಯೀ ಆದೇಶ ಜಾರಿಯಲ್ಲಿದೆ. ಹಿಂದೊಮ್ಮೆ ಅಂಕೋಲೆಯ ಮೀನುಪೇಟೆಯಲ್ಲಿ ಇದೇ ಜೀಪು ಕೆಳಸಹಿದಾರರ ಸಹಿತ ಹಿಂದಕ್ಕೆ ಸರಿದು ಬಂಗಡೆಯ ಬುಟ್ಟಿಗಳ ಮೇಲೆ ನಿಂತ ತರುವಾಯ ಆ ಆದೇಶವನ್ನು ಹೊರಡಿಸಲಾಗಿತ್ತು. ಅಂದು ಮೀನು ಮಾರುವ ಹೆಂಗಸರು ನಕ್ಕ ನಗೆಯನ್ನು ಕೆಳಸಹಿದಾರರು ಇಂದಿಗೂ ಮರೆತಿರುವುದಿಲ್ಲ. ಸ್ವಂತ ಆದೇಶವನ್ನು ಸ್ವತಃ ಉಲ್ಲಂಘಿಸಲು ಅವರು ಸಿದ್ಧರಿರಲಿಲ್ಲ.

ಈ ಹಂತದಲ್ಲಿ ಹಿಂಬದಿ ಆಸನದಿಂದ ಬಂದ ಹೇಳಿಕೆಯನ್ನು (ಉಲ್ಲೇಖ 3) ಯಥಾವತ್ತಾಗಿ ನಮೂದಿಸಲಾಗಿದೆ: “ಏ ಸುಕ್ರಾ, ಸಾಯೇಬ್ರ ಮರ್ಯಾದಿ ಮುಂದ್ ಮುಂದೇ ಹೋಗ್ಲಿ ಮಾರಾಯ. ನನ್ನ ಕಾಲೊಂದ್ ಆಸ್ಪತ್ರಿಗೆ ಹೋಗ್ಲಿ!”

ಕೆಳಸಹಿದಾರರು ವಿನಾಯಿತಿ ಪಡೆಯಲು ಅಂಕೋಲೆಯ ಕಚೇರಿಗೆ ದೂರವಾಣಿ ಮಾಡಿದರು. ವಿನಾಯಿತಿ ನೀಡತಕ್ಕವರೂ ಅವರೇ ಆಗಿದ್ದರೂ, ಕಡತದ ಸಂಖ್ಯೆ ಕಚೇರಿಯಲ್ಲಿತ್ತು. ಮಾತು ಸರಿಯಾಗಿ ಕೇಳಿಸದ ಕಾರಣ ಊಟದ ಚೀಲದೊಡನೆ ಇಳಿದು, ಅಂಗಡಿಯೊಂದರ ಮುಂದೆ ನಿಂತು, “ಗೇರು ಬಿಡುತ್ತಿಲ್ಲ, ತುರ್ತು ಕ್ರಮ ಬೇಕು” ಎಂದು ಸಾರಿ ಸಾರಿ ಹೇಳಿದರು. ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಜಯಶ್ರೀ ಇವರು ಸಂದೇಶವನ್ನು ಅಕ್ಷರಶಃ ಬರೆದುಕೊಂಡು, ಗೇರುಮರಗಳು ಫಸಲು ಬಿಡದಿರುವ ದೂರೆಂದು ಭಾವಿಸಿ, ತೋಟದ ವಿಭಾಗಕ್ಕೆ ರವಾನಿಸಿದರು. ಕರಾವಳಿಯಲ್ಲಿ ಗೇರುಮರ ಮಳೆಗಾಲದಲ್ಲಿ ಬಿಡುವುದಿಲ್ಲವೆಂದೂ, ಸಂಬಂಧಪಟ್ಟವರು ಬೇಸಿಗೆಯವರೆಗೆ ತಾಳ್ಮೆಯಿಂದ ಇರತಕ್ಕದ್ದೆಂದೂ ಆ ವಿಭಾಗವು ಒಡನೆಯೇ ಉತ್ತರಿಸಿತು (ಉಲ್ಲೇಖ 2). ಈ ಕಚೇರಿಯ ಪತ್ರವೊಂದಕ್ಕೆ ಅದೇ ದಿನ ಉತ್ತರ ಬಂದದ್ದು ಇದೇ ಮೊದಲು.

ಕೆಳಸಹಿದಾರರು ಆ ಉತ್ತರವನ್ನು ದೂರವಾಣಿಯಲ್ಲಿ ಕೇಳುತ್ತಿರುವಾಗಲೇ ಚಾಲಕನು, “ಸಾಯೇಬ್ರು ಇಳಿದ್ರಲ್ಲ ಹೀರಕ್ಕ. ಈಗ ಹಿಂದೆ ಹೋದ್ರೆ ಗಾಡಿ ಹೋದಂಗೆ, ಸಾಯೇಬ್ರು ಹೋದಂಗಲ್ಲ” ಎಂದು ಜೀಪನ್ನು ಹಿಂದಕ್ಕೆ ಬಿಟ್ಟನು. ಒಳಗಿನಿಂದ ಟಕ್ಕೆಂಬ ಸದ್ದಾಗಿ ಕೋಲು ಬಿಟ್ಟಿತು. ಜೀಪು ತಿರುವನ್ನು ಸುಲಲಿತವಾಗಿ ದಾಟಿ ಆಸ್ಪತ್ರೆಯ ಕಡೆಗೆ ಹೊರಟುಹೋಯಿತು. ಕೆಳಸಹಿದಾರರು ಉಳಿದ ದಾರಿಯನ್ನು ಮೀನಿನ ಟೆಂಪೋದಲ್ಲಿ ಕ್ರಮಿಸಿದರು. ಅದೂ ಬಂಗಡೆಯೇ ಆಗಿತ್ತು.

ಆದುದರಿಂದ ಎಲ್ಲ ಸಂಬಂಧಪಟ್ಟವರು ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ:

1. ವಾಹನದ ಗೇರನ್ನು ಇನ್ನು ಮುಂದೆ ‘ಪರಿವರ್ತನ ದಂಡ’ ಎಂದೇ ಕರೆಯತಕ್ಕದ್ದು. ‘ಬಿಡುತ್ತಿಲ್ಲ’ ಎಂಬ ಕ್ರಿಯಾಪದವನ್ನು ಬಳಸುವವರು, ಬಿಡದಿರುವುದು ಕಬ್ಬಿಣವೋ ಮರವೋ ಎಂಬುದನ್ನು ಅದೇ ವಾಕ್ಯದಲ್ಲಿ ಸ್ಪಷ್ಟಪಡಿಸಬೇಕು.

2. ಫೋರ್ ಹಾಕುವ ಮುನ್ನ ಕೆಸರಿನ ಆಳದ ಬಗ್ಗೆ ದೃಢೀಕರಣ ಪಡೆಯಬೇಕು. ಕೆಸರಿಗೆ ಇಳಿಯದ ಅಧಿಕಾರಿಯ ದೃಢೀಕರಣ ಮಾತ್ರ ಸಿಂಧುವಾಗಿರುತ್ತದೆ. ಇಳಿದವರು ಪಕ್ಷಪಾತಕ್ಕೆ ಒಳಗಾಗಿರುವ ಸಂಭವವಿದೆ.

3. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗುವುದನ್ನು ಅಶಿಸ್ತು ಎಂದು ಪರಿಗಣಿಸಲಾಗಿದೆ. ಚಾಲಕರು ತಿರುವುಗಳನ್ನು ಸಾಧ್ಯವಾದಷ್ಟು ನೇರವಾಗಿ ದಾಟತಕ್ಕದ್ದು.

4. ಡಾಂಬರಿನಲ್ಲಿ ಟಯರು ಕಿರುಚಿದಲ್ಲಿ ಅದನ್ನು ಅಹವಾಲು ಎಂದು ಸ್ವೀಕರಿಸಿ, ಎರಡನೆಯ ಶನಿವಾರದಂದು ಕಚೇರಿಯ ವೇಳೆಯಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಾಗುವುದು. ಆ ದಿನ ಕಚೇರಿಗೆ ರಜೆ ಇರುತ್ತದೆ.

5. ವಾಹನ ಹಿಂದಕ್ಕೆ ಸರಿಯುವುದು ಅನಿವಾರ್ಯವಾದಲ್ಲಿ, ಅಧಿಕಾರಿಯು ಆಸನದಲ್ಲಿ ಹಿಂದುಮುಂದಾಗಿ ತಿರುಗಿ ಕುಳಿತುಕೊಳ್ಳತಕ್ಕದ್ದು. ಆಗ ಅವರ ಮಟ್ಟಿಗೆ ವಾಹನವು ಮುಂದಕ್ಕೇ ಚಲಿಸಿದಂತಾಗುವುದು. ಇದು ಇಲಾಖೆಯ ಇತರ ಯೋಜನೆಗಳಿಗೂ ಅನ್ವಯಿಸುತ್ತದೆ. ಕೆಲವು ಯೋಜನೆಗಳಲ್ಲಿ ಈಗಾಗಲೇ ಪಾಲನೆಯಲ್ಲಿದೆ.

6. ಅಧಿಕಾರಿಯು ಇಳಿದಾಗ್ಯೂ ಅಧಿಕಾರವು ಆಸನದಲ್ಲಿಯೇ ಕುಳಿತಿರುತ್ತದೆ. ಈ ಬಗ್ಗೆ ಚಾಲಕರಲ್ಲಿ ಸಂಶಯ ಉಂಟಾಗದಂತೆ, ಇಳಿಯುವ ಅಧಿಕಾರಿಯು ಊಟದ ಚೀಲವನ್ನು ಆಸನದ ಮೇಲೆ ಬಿಟ್ಟು ಹೋಗತಕ್ಕದ್ದು. ಚೀಲವಿರುವಾಗ ಹಿಂದಕ್ಕೆ ಚಲಿಸುವುದು ಅಪರಾಧ.

7. ಅನುಮತಿಯಿಲ್ಲದ ಸದರಿ ಹಿಂಚಲನೆಯನ್ನು ನಡೆದೇ ಇಲ್ಲವೆಂದು ಆದೇಶಿಸಲಾಗಿದೆ. ಅದು ನಡೆಯದ ಕಾರಣ ಕೋಲು ಬಿಟ್ಟಿರುವುದಿಲ್ಲ. ಕೋಲು ಬಿಡದ ಕಾರಣ ಜೀಪು ಹಬ್ಬುವಾಡದ ತಿರುವಿನಲ್ಲಿಯೇ ಇದೆ. ಜೀಪು ಅಲ್ಲಿಯೇ ಇರುವ ಕಾರಣ ಶ್ರೀಮತಿ ಹೀರಾ ಇವರು ಆಸ್ಪತ್ರೆಯನ್ನು ತಲುಪಿರುವುದಿಲ್ಲ.

8. ಸದರಿ ಮಹಿಳೆಯು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು, ಹಬ್ಬುವಾಡದಲ್ಲಿರುವ ತಂಗಿ ಬೇಬಿಯ ಜಗಲಿಯಲ್ಲಿ ಇದ್ದಾಳೆಂದೂ, ತನ್ನ ಕೇರಿಗೆ ಈ ಜೀಪಿನ ಹೊರತು ಬೇರೆ ದಾರಿಯಿಲ್ಲವಾದ್ದರಿಂದ ಮನೆಗೆ ಬಿಡಬೇಕೆಂದೂ ಕೋರಿಕೆ ಬಂದಿರುತ್ತದೆ. ಹೋಗುವ ಪ್ರಯಾಣವೇ ಮುಗಿಯದಿರುವಾಗ ಮರಳುವ ಪ್ರಯಾಣಕ್ಕೆ ಮಂಜೂರಾತಿ ನೀಡಲು ಅವಕಾಶವಿರುವುದಿಲ್ಲ. ಇದನ್ನು ತಿಳಿಸಲು ಹೋದ ಜವಾನರ ಬಳಿ ಆಕೆ, “ನಾ ಬರ್ಲೇ ಇಲ್ಲ ಅಂದ್ರೆ ಈ ಪ್ಲಾಸ್ಟರ್ ಯಾರ್ ಕಾಲಿಗೆ ಹಾಕದ್ದು? ಸಾಯೇಬ್ರ ಕಾಲಿಗಾ? ಅಲ್ಲಿ ನನ್ನ ಹರಿವೆ ಸೊಪ್ಪೆಲ್ಲ ಹೂ ಬಿಡ್ತು, ಇಲ್ಲಿ ಇವ್ರ ಗೇರು ಬಿಡುದಿಲ್ಲ!” ಎಂದು ಕೇಳಿರುತ್ತಾಳೆ. ಪ್ರಶ್ನೆಯು ನಿಗದಿತ ನಮೂನೆಯಲ್ಲಿ ಇಲ್ಲದ ಕಾರಣ ಉತ್ತರಿಸಲಾಗಿಲ್ಲ.

9. ಆದಾಗ್ಯೂ, ಸಹಾನುಭೂತಿಯ ದೃಷ್ಟಿಯಿಂದ, ಶ್ರೀಮತಿ ಹೀರಾ ಇವರು ಹಬ್ಬುವಾಡದ ತಿರುವಿಗೆ ಖುದ್ದಾಗಿ ನಡೆದು ಬಂದು, ಜೀಪಿನ ಹಿಂಬದಿ ಆಸನದಲ್ಲಿ ಪುನಃ ಮಲಗಿ, ಅಲ್ಲಿಂದ ನಿಯಮಾನುಸಾರ ಆಸ್ಪತ್ರೆಗೆ ತಲುಪತಕ್ಕದ್ದು. ತರುವಾಯ ಕೋರಿಕೆಯನ್ನು ಪರಿಶೀಲಿಸಲಾಗುವುದು.

ತಿದ್ದುಪಡಿ (ಸುತ್ತೋಲೆ ಸಹಿಗೆ ಸಿದ್ಧವಾದ ನಂತರ ಸೇರಿಸಿದ್ದು):

ಈ ದಿನ ಬೆಳಿಗ್ಗೆ ಜೀಪು ಶೆಡ್ಡಿನಲ್ಲಿ ಕಂಡುಬಂದಿರುವುದಿಲ್ಲ. ಬೇಬಿಯ ಜಗಲಿಯೂ ಖಾಲಿಯಾಗಿದೆ. ಕದ್ವಾಡದ ಮೇಲಿನ ಕೆಸರು ರಸ್ತೆಯಲ್ಲಿ ನಾಲ್ಕೂ ಚಕ್ರಗಳು ದುಡಿದ ಗುರುತುಗಳು ಹತ್ತುವ ದಿಕ್ಕಿನಲ್ಲಿಯೂ ಇಳಿಯುವ ದಿಕ್ಕಿನಲ್ಲಿಯೂ ಇವೆ. ಡಾಂಬರು ಆರಂಭವಾಗುವಲ್ಲಿ ಜೀಪು ನಿಂತು, ತುಸು ಹಿಂದಕ್ಕೆ ಸರಿದು, ಮತ್ತೆ ಮುಂದೆ ಹೋದ ಗುರುತೂ ಇದೆ. ಅದು ಫೋರ್ ತೆಗೆದ ಗುರುತೆಂದು ಕೆಳಸಹಿದಾರರು ಖುದ್ದಾಗಿ ಪರಿಶೀಲಿಸಿ ಮನಗಂಡಿರುತ್ತಾರೆ. ಗುಡ್ಡದ ಕೇರಿಯಿಂದ ಕಚೇರಿಯ ಮೇಜಿಗೆ ಒಂದು ಕಟ್ಟು ಹರಿವೆ ಸೊಪ್ಪು ಬಂದಿರುತ್ತದೆ. ಹೂ ಬಿಟ್ಟಿರುವ ಕಾರಣ ಸಾರಿಗೆ ಯೋಗ್ಯವಾಗಿರುವುದಿಲ್ಲ. ಈ ಎಲ್ಲವನ್ನೂ ಖಂಡ 7ರ ಅನ್ವಯ ನಡೆದಿಲ್ಲವೆಂದು ಪರಿಗಣಿಸತಕ್ಕದ್ದು.

(ಸಹಿ)
ನಾಗೇಶ ಶಂ. ಬಾಂದೇಕರ
ಅಧೀಕ್ಷಕರು (ಪ್ರಭಾರ)
ಮುಂದಕ್ಕೆ ಮಾತ್ರ

ಪ್ರತಿಗಳು:
1. ಚಾಲಕ ಸುಕ್ರ ಇವರಿಗೆ, ಜೀಪು ಮರಳಿದ ಕೂಡಲೇ. ಮರಳುವುದೆಂದರೆ ಹಿಂದಕ್ಕೆ ಬರುವುದೆಂದು ಅರ್ಥೈಸಿಕೊಳ್ಳಬಾರದು.
2. ಶ್ರೀಮತಿ ಜಯಶ್ರೀ ಇವರಿಗೆ, ಕಿವಿಯ ಮೇಲೆ ವಿಶೇಷ ಗಮನಕ್ಕಾಗಿ.
3. ತೋಟದ ವಿಭಾಗಕ್ಕೆ, ತ್ವರಿತ ಉತ್ತರಕ್ಕಾಗಿ ಪ್ರಶಂಸೆಯೊಂದಿಗೆ, ಬೇಸಿಗೆಯಲ್ಲಿ ಮತ್ತೊಮ್ಮೆ.
4. ಮೀನಿನ ಟೆಂಪೋದವರಿಗೆ, ಮೌನವಾಗಿರುವಂತೆ ಕೋರಿ.
5. ಶ್ರೀಮತಿ ಹೀರಾ ಜಟ್ಟಿ ಗೌಡ ಇವರಿಗೆ, ಸರ್ಕಾರಿ ಜೀಪಿನ ಹಿಂಬದಿ ಆಸನ, ಹಬ್ಬುವಾಡ ತಿರುವು. ಆಸನ ಖಾಲಿ ಇದ್ದಲ್ಲಿ ಆಸನಕ್ಕೆ ಅಂಟಿಸುವುದು. ಜೀಪೂ ಇಲ್ಲದಿದ್ದಲ್ಲಿ ತಿರುವಿಗೆ ಅಂಟಿಸುವುದು.