ಕುರಿಬೆನ್ನಿನ ಪಹಣಿ

ಶಿರಾ ತಾಲ್ಲೂಕು ತಾವರೆಕೆರೆಯ ಕೊಲ್ಲಾಪುರಮ್ಮನವರು ತಯಾರಿಸಿದ, ಒಂದು ಗೇಣು ಉದ್ದದ ಮಣ್ಣಿನ ಕುರಿಯ ಬೆನ್ನು ಕೃಷಿಭೂಮಿ ಎಂದು ಈ ವರ್ಷ ಅಧಿಕೃತವಾಗಿ ದಾಖಲಾಗಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಸಹಿ ಆಗಿದೆ, ಸೀಲು ಬಿದ್ದಿದೆ.

ಕೊಲ್ಲಾಪುರಮ್ಮನಿಗೆ ತುಂಡು ಜಮೀನೂ ಇರಲಿಲ್ಲ. ಇದ್ದದ್ದು ಎರಡು ಕೈ. ಕೆರೆಯ ಗೋಡುಮಣ್ಣು ತಂದು, ಕುರಿಗೊಬ್ಬರದ ಪುಡಿ, ತೆಂಗಿನ ನಾರು ಸೇರಿಸಿ ಹದವಾಗಿ ತುಳಿದು, ಲಂಟಾನ ಕಡ್ಡಿ ಕಟ್ಟಿದ ಗೂಡಿಗೆ ಮೆತ್ತಿ ಕುರಿ ಮಾಡುತ್ತಿದ್ದಳು. ಕಣ್ಣಿಗೆ ಗುಲಗಂಜಿ. ಮೈಗೆಲ್ಲ ರಾಗಿ ಒತ್ತಿ ಒದ್ದೆ ಬಟ್ಟೆ ಸುತ್ತಿಟ್ಟರೆ ಐದಾರು ದಿನಕ್ಕೆ ಹಸಿರು ಉಣ್ಣೆ ಏಳುತ್ತಿತ್ತು. ಅದನ್ನು ಕತ್ತರಿಯಲ್ಲಿ ಸವರಿ, ಕೊರಳ ಹತ್ತಿರ ಒತ್ತಾಗಿ ಬಿಟ್ಟು, ಹೊಟ್ಟೆಯ ಹತ್ತಿರ ಗಿಡ್ಡ ಮಾಡಿದರೆ, ಈಗಷ್ಟೇ ಮೇದು ಬಂದ ಟಗರೇ ಎದುರಿಗೆ ನಿಂತಂತೆ. ನೋಡಿದವರು ಒಂದು ಸಲ ಬೆನ್ನು ಸವರದೆ ಮುಂದೆ ಹೋಗುತ್ತಿರಲಿಲ್ಲ. ಆದರೆ ತಾವರೆಕೆರೆಯಲ್ಲಿ ಸವರುವವರು ಬಹಳ, ಕೊಳ್ಳುವವರು ಕಡಿಮೆ.

ಹೀಗಿರಲಾಗಿ ಹಸಿರು ಕರಕುಶಲ ಮಂಡಳಿಯ ಪ್ರಕಟಣೆಯೊಂದು ಹೊರಬಿತ್ತು. ಗೊರವನಹಳ್ಳಿಯಲ್ಲಿ ಬಸ್ಸಿಳಿಯುವ ಜಾಗದ ಎದುರಿಗೆ ಮಂಡಳಿ ಕಟ್ಟಿಸಿರುವ ಮಳಿಗೆಯನ್ನು, ಜೀವಂತ ಸಸ್ಯಗಳಿಂದ ಕಲಾಕೃತಿ ರಚಿಸುವ ಭೂರಹಿತ ಕುಶಲಕರ್ಮಿಯೊಬ್ಬರಿಗೆ ನೀಡಲಾಗುವುದು. ಮಹಾಲಕ್ಷ್ಮಿಯ ದರ್ಶನಕ್ಕೆ ಬಂದವರು ಬರಿಗೈಯಲ್ಲಿ ಬಸ್ಸು ಹತ್ತುವುದಿಲ್ಲ ಎಂಬುದು ಕೊಲ್ಲಾಪುರಮ್ಮನಿಗೆ ಗೊತ್ತಿತ್ತು. ಆ ಮಳಿಗೆ ಸಿಕ್ಕರೆ ಕಂಡವರ ಹೊಲದಲ್ಲಿ ಕಳೆ ಕೀಳುವುದು ತಪ್ಪುತ್ತಿತ್ತು. ಅವಳಿಗೆ ಬೇಕಾದದ್ದು ಅಷ್ಟೇ.

ಮಧುಗಿರಿಯಲ್ಲಿದ್ದ ಮಂಡಳಿಯ ಕಚೇರಿಯಲ್ಲಿ ಅಧೀಕ್ಷಕ ನಾಗಭೂಷಣ್ ಅವಳ ಅರ್ಜಿ ತೆಗೆದುಕೊಂಡರು. ಕುರಿಯ ಫೋಟೊ ಹಿಡಿಸಿ, ಅದರ ಕೊರಳಿಗೆ ನಂಬರಿನ ಚೀಟಿ ಕಟ್ಟಿ, ನಿಯಮ ಓದಿದರು: "ಅರ್ಜಿ ಸಲ್ಲಿಕೆಯಾದ ಬಳಿಕ ಕಲಾಕೃತಿಗೆ ಕತ್ತರಿ ಸೋಕಿಸತಕ್ಕದ್ದಲ್ಲ. ಪರಿಶೀಲನೆಯ ದಿನದಂದು ಕೃತಿಯು ಫೋಟೊದಲ್ಲಿರುವಂತೆಯೇ ಇರತಕ್ಕದ್ದು."

"ಅದು ಜೀವ ಇರೋದು ಕಣ್ ಸಾ, ಬೆಳೀತೈತೆ. ಕತ್ತರಿಸ್ದೆ ಇದ್ರೆ ಇದ್ದಂಗೇ ಹೆಂಗಿರ್ತೈತೆ?"

"ನಿಯಮಕ್ಕೆ ಒಳಪಟ್ಟು ಬೆಳೀಬೇಕಮ್ಮ," ಎಂದರು ನಾಗಭೂಷಣ್. ಸಿಟ್ಟಿನಿಂದೇನೂ ಹೇಳಲಿಲ್ಲ, ಅವರು ಸ್ವತಃ ಹಾಗೆಯೇ ಬೆಳೆದು ಆ ಕುರ್ಚಿಗೆ ಬಂದವರು. ಮಾದರಿಗೆಂದು ಇನ್ನೆರಡು ಕುರಿ ಬೇಕೆಂದರು. ಕೊಟ್ಟಳು. ಮಾದರಿಗಳೆರಡೂ ಸಂಜೆ ಅವರ ಸ್ಕೂಟರಿನಲ್ಲಿ ಮನೆಗೆ ಹೋದವು.

ಪರಿಶೀಲನೆ ಹದಿನೈದು ದಿನಕ್ಕೆ ನಿಗದಿಯಾಗಿತ್ತು. ಅಂದು ಪರಿಶೀಲನಾ ಸಮಿತಿಯ ಜೀಪಿಗೆ ಡ್ರೈವರ್ ಇರಲಿಲ್ಲ. ಮುಂದಿನ ತಿಂಗಳು ಡ್ರೈವರ್ ಇದ್ದ, ಸಮಿತಿ ಪಾವಗಡಕ್ಕೆ ಮದುವೆಗೆ ಹೋಗಿತ್ತು. "ಕತ್ತರಿ ಹಾಕಮ್ಮಿ, ಯಾರು ನೋಡ್ತಾರೆ?" ಎಂದು ಊರವರು ಅಂದರೂ ಕೊಲ್ಲಾಪುರಮ್ಮ ಕೇಳಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ ಎಂಬ ಕೆಟ್ಟ ಚಾಳಿ ಅವಳಿಗೆ ಮೊದಲಿನಿಂದ ಇತ್ತು. ನೀರು ಚಿಮುಕಿಸುತ್ತಾ ಕಾದಳು. ಮೂರನೇ ತಿಂಗಳು ಸಮಿತಿ ಬಂದಾಗ ಕುರಿಯ ಮುಖವೇ ಕಾಣುತ್ತಿರಲಿಲ್ಲ. ಬೆನ್ನ ಮೇಲೆ ಹನ್ನೊಂದು ತೆನೆ ತೂಗುತ್ತಿದ್ದವು.

ಸಮಿತಿಯ ಜೊತೆ ಬಂದಿದ್ದ ನಾಗಭೂಷಣ್ ಕನ್ನಡಕ ಏರಿಸಿದರು. "ಇದೇನಮ್ಮ?"

"ರಾಗಿ ಸಾ."

"ಅಂದ್ರೆ ಬೆಳೆ. ಬೆಳೆ ಇದ್ದ ಮೇಲೆ ಭೂಮಿ ಇರಲೇಬೇಕು, ಭೂಮಿ ಇದ್ದ ಮೇಲೆ ದಾಖಲೆ ಇರಲೇಬೇಕು. ಎಲ್ಲಿ ಪಹಣಿ?"

"ಕುರಿಗೆ ಯಾತರ ಪಾಣಿ ಸಾ?"

"ಕುರಿಗಲ್ಲ, ಅದರ ಬೆನ್ನಿಗೆ. ಇಲ್ದಿದ್ರೆ ಇದು ಅನಧಿಕೃತ ಸಾಗುವಳಿ. ಅರ್ಜಿ ವಜಾ ಆಗುತ್ತೆ."

ಅದೃಷ್ಟಕ್ಕೆ ಮಂಡಳಿಗೆ ಸ್ವಂತದ್ದೊಂದು ಭೂದಾಖಲೆ ಶಾಖೆ ಇತ್ತು. ಐದು ವರ್ಷದಿಂದ ಅಳೆಯಲು ಏನೂ ಸಿಗದೆ ಸೊರಗಿತ್ತು. ಮಾರನೆಯ ದಿನವೇ ಅಳತೆಗಾರ ರಂಗೇಶ್ ಸರಪಳಿ ಹೊತ್ತು ಬಂದ. ಮೊದಲು ಕೋಳಿಸಾರು ಉಂಡ. ಸರಪಳಿ ಕುರಿಗಿಂತ ಬಲು ಉದ್ದವಾದ್ದರಿಂದ, ಅದನ್ನು ಅಂಗಳದಲ್ಲಿ ಎಳೆದು ಹಾಸಿ, ಕುರಿಯನ್ನೇ ಅದರ ಪಕ್ಕ ಸರಿಸಿ ಸರಿಸಿ ಅಳೆದ. ಚೆಕ್ಕುಬಂದಿ ಹೀಗೆ ಬರೆದ: ಪೂರ್ವಕ್ಕೆ ಸದರಿ ಕುರಿಯ ತಲೆ, ಪಶ್ಚಿಮಕ್ಕೆ ಬಾಲ, ಉತ್ತರಕ್ಕೂ ದಕ್ಷಿಣಕ್ಕೂ ಹೊಟ್ಟೆಯ ಇಳಿಜಾರು. ಕಿವಿ ಎರಡೂ ಸಾಗುವಳಿಗೆ ಬಾರದ ಖರಾಬು. ಕುರಿ ತಿರುಗಿದರೆ ಗಡಿಯೂ ತಿರುಗುವುದರಿಂದ, ಇನ್ನು ಮುಂದೆ ಅದನ್ನು ಯಾರೂ ತಿರುಗಿಸಿ ಇಡಕೂಡದೆಂದು ಷರಾ ಹಾಕಿದ.

"ಅಣ್ಣ, ಇದ್ರಿಂದ ಮಳಿಗೆ ಸಿಕ್ತೈತಾ?" ಎಂದು ಕೇಳಿದಳು.

"ದಾಖಲೆ ಪಕ್ಕಾ ಆಯ್ತಲ್ಲಕ್ಕ. ಇನ್ನು ನಿನ್ನ ಯಾವನೂ ಅಲ್ಲಾಡ್ಸಕ್ಕಾಗಲ್ಲ ಬುಡು."

ಪಹಣಿ ಹಿಡಿದು ಮಧುಗಿರಿಗೆ ಹೋದಾಗ ನಾಗಭೂಷಣ್ ಮೊದಲ ಬಾರಿಗೆ ಅವಳಿಗೆ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ ಕೊಲ್ಲಾಪುರಮ್ಮನವರೇ. ಈಗ ನೀವು ಭೂಮಾಲೀಕರು."

"ಮಳಿಗೆ ಸಾ?"

"ಅದು ಭೂರಹಿತರಿಗೆ."

ಸ್ವಲ್ಪ ಹೊತ್ತು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೇಜು ಗುದ್ದಿದಳು. "ಅಂಗಾರೆ ಆ ಕುರೀನೇ ಒಡ್ದಾಕ್ಬುಡ್ತೀನಿ ಸಾ!"

"ಬೆಳೆ ನಿಂತ ಜಮೀನು ಒಡೆಯೋದು ಶಿಕ್ಷಾರ್ಹ. ತಮ್ಮ ಜಮೀನೇ ಆದರೂ."

ಅಳು ಉಕ್ಕಿ ಬಂತು. ಈ ಮನುಷ್ಯನ ಎದುರಿಗೆ ಮಾತ್ರ ಅಳಬಾರದೆಂದು ನುಂಗಿಕೊಂಡು ಎದ್ದಳು.

ಮಳಿಗೆ ಮಂಡಳಿ ಅಧ್ಯಕ್ಷರ ಬಾಮೈದ ನವೀನ್ ಕುಮಾರನಿಗೆ ಸಿಕ್ಕಿತು. ಕೊರಟಗೆರೆ ಹತ್ತಿರ ಅವನು ಓಡಾಡುವ ನಲವತ್ತು ಎಕರೆಯೂ ಹೆಂಡತಿಯ ಹೆಸರಿನಲ್ಲಿದ್ದುದರಿಂದ ಅವನಷ್ಟು ಭೂರಹಿತರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಕಲಾಕೃತಿಯೆಂದು ಅವನು ಹಾಜರುಪಡಿಸಿದ್ದು ನಾಗಭೂಷಣರ ಮನೆಯಲ್ಲಿದ್ದ ಎರಡು ಮಾದರಿ ಕುರಿಗಳನ್ನು. ಅವುಗಳಿಗೆ ವಾರಕ್ಕೊಮ್ಮೆ ಕತ್ತರಿ ಬಿದ್ದಿತ್ತು. ಫೋಟೊಗೂ ಅವುಗಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಸಮಿತಿ ಮೆಚ್ಚಿ ಬರೆಯಿತು.

ತಾವರೆಕೆರೆಯಲ್ಲಿ ಯಾರೂ ಇದನ್ನು ಅನ್ಯಾಯವೆನ್ನಲಿಲ್ಲ. ಎರಡು ದಿನ ಎಲ್ಲರೂ ಪಹಣಿಯನ್ನು ಕೈಯಿಂದ ಕೈಗೆ ದಾಟಿಸಿ ಸೀಲು ಮುಟ್ಟಿ ನೋಡಿದರು. ಮೂರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಅಡವಯ್ಯ ಬಂದು ಜಗಲಿಯ ಮೇಲೆ ಕೂತ. ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ ಇಪ್ಪತ್ತೆರಡು ವರ್ಷ ಅಲೆದವನು ಅವನು.

"ಅಕ್ಕಾ, ನಂಗೂ ಒಂದು ಕುರಿ ಮಾಡ್ಕೊಡು."

"ನಿಂಗ್ಯಾಕಪ್ಪ ಕುರಿ?"

"ಬೆನ್ನು ಒಸಿ ಅಗಲವಾಗೇ ಇರ್ಲಿ ಕಣಕ್ಕ. ಇಬ್ರು ಗಂಡುಮಕ್ಳವ್ರೆ. ನಾಳೆ ಪಾಲಾಗ್ಬೇಕಲ್ಲ."

ಕೊಲ್ಲಾಪುರಮ್ಮ ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಹಿಂದೆ ಬೀದಿಯಲ್ಲಿ ಇನ್ನೂ ಏಳೆಂಟು ಜನ, ಒಬ್ಬೊಬ್ಬರೂ ಆಧಾರ್ ಕಾರ್ಡು ಹಿಡಿದು, ಸಾಲಾಗಿ ನಿಂತಿದ್ದರು. ಅವಳು ಗೋಡು ತರುವ ಮಂಕರಿ ಎತ್ತಿಕೊಂಡು ಕೆರೆಯ ಕಡೆ ಹೊರಟಳು.