ಟ್ಯಾಂಕರ್ ಸರದಿಯ ಬೀಗ

ಜೋಗುಪಾಳ್ಯದ ಆ ವಠಾರಕ್ಕೆ ನೀರಿನ ಟ್ಯಾಂಕರ್ ಬಂದಾಗ ಯಾರು ಮೊದಲು ಕೊಡ ಹಿಡಿಯಬೇಕೆಂಬ ಪಟ್ಟಿ ಮುನೀಂದ್ರನ ಲ್ಯಾಪ್‌ಟಾಪಿನಲ್ಲಿತ್ತು. ಗೋಡೆಗೆ ಅಂಟಿಸಿದರೆ ಯಾರಾದರೂ ತಿದ್ದುತ್ತಿದ್ದರು. ಅದಕ್ಕೇ ಪುಣ್ಯಾತ್ಮ ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಪಟ್ಟಿಗೆ ಬೀಗ ಜಡಿದಿದ್ದ. ಈಗ ಪಾಸ್‌ವರ್ಡೇ ಮರೆತುಹೋಗಿತ್ತು.

ಇವತ್ತಿನ ಮೊದಲ ಸರದಿ ಅವನದೇ. ಮನೆಯಲ್ಲಿ ತೊಟ್ಟು ನೀರಿಲ್ಲ. ಹೆಂಡತಿ ಯಮುನಾಳ ತವರಿನಿಂದ ಹನ್ನೊಂದು ಜನ ಊಟಕ್ಕೆ ಹೊರಟಾಗಿತ್ತು. ಬಾಯಲ್ಲಿ ಹೇಳಿದರೆ ವಠಾರ ನಂಬೀತೇ? ಪಕ್ಕದ ಮನೆಯ ಸಾಬಿರಾ ತನ್ನದೇ ಮೊದಲು ಎಂದಳು. ಕಲಬುರಗಿ ಕಡೆಯ ಜಟ್ಟೆಮ್ಮ ಆಗಲೇ ಐದು ಕೊಡ ಸಾಲಾಗಿಟ್ಟು ಕೂತಿದ್ದಳು.

ಮುನೀಂದ್ರ ಮದುವೆಯ ತಾರೀಖು ಹೊಡೆದ, ಸ್ಕೂಟರ್ ನಂಬರ್ ಹೊಡೆದ. ಬೀಗ ಜಪ್ಪಯ್ಯ ಅನ್ನಲಿಲ್ಲ. ಪಾಸ್‌ವರ್ಡಿಗೆ ತನ್ನ ಹೆಸರು ಯಾಕೆ ಇಟ್ಟಿರಲಿಲ್ಲವೆಂದು ಯಮುನಾ ಬೇರೆ ಬೆನ್ನ ಹಿಂದೆ ನಿಂತು ತರಾಟೆಗೆ ತೆಗೆದುಕೊಂಡಳು.

ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ತಪಾಸಣೆ ಮಾಡುವ ಪೂಜಿತಾ ಮಹಡಿಯಿಂದ ಇಳಿದು ಬಂದಳು.

"ಅಂಕಲ್, ಇದ್ರಲ್ಲಿ ಬಫರ್ ಓವರ್‌ಫ್ಲೋ ಇದೆ. ಪಾಸ್‌ವರ್ಡಿಗೆ ಜಾಗ ಇರೋದು ಮೂವತ್ತೆರಡು ಅಕ್ಷರಕ್ಕೆ. ಅಳತೆ ನೋಡ್ದೇನೇ ಬಿಟ್ಕೊಳ್ಳತ್ತೆ. ಜಾಸ್ತಿ ತುಂಬಿದ್ರೆ ಪಕ್ಕದ ಜಾಗಕ್ಕೆ ಚೆಲ್ಲಿ ಬೀಗಾನೇ ಅಳಿಸ್ಹೋಗತ್ತೆ. ಅಪ್‌ಡೇಟ್ ಮಾಡಿ ಅಂತ ಮೆಸೇಜ್ ಬಂದಿರ್ಲಿಲ್ವಾ?"

ಬಂದಿತ್ತು. ಜಾಹೀರಾತೆಂದು ಅಳಿಸಿದ್ದ. ಪಾವಿಗೆ ಸೇರು ಸುರಿದರೆ ಬೀಗ ಯಾಕೆ ತೆರೆಯಬೇಕೋ ಅವನಿಗೆ ಹೊಳೆಯಲಿಲ್ಲ. ಏನು ತುಂಬಬೇಕೆಂದು ಕೇಳಿದರೆ, ಏನಾದರೂ ಸರಿ, ಉದ್ದವಿದ್ದರೆ ಸಾಕು ಎಂದಳು.

ಉದ್ದಕ್ಕೆ ಅವನಿಗೆ ತೋಚಿದ್ದು ವಠಾರದವರ ಹೆಸರುಗಳೇ. ತನ್ನ ಹೆಸರು ಮೊದಲು ಹಾಕಿದರೆ ಏನೋ ಮಸಲತ್ತು ಮಾಡಿದ ಎಂದಾರು! ಮುನೀಂದ್ರ ದೊಡ್ಡ ಮನಸ್ಸು ಮಾಡಿದ. ಜಟ್ಟೆಮ್ಮ, ಗಂಡ ಶರಣಬಸವ, ಎರಡನೇ ಮಹಡಿ, ಆಮೇಲೆ ಸಾಬಿರಾ, ಹೀಗೆ ಹದಿನಾಲ್ಕೂ ಮನೆಯವರನ್ನು ವಿಳಾಸ ಸಮೇತ ಟೈಪ್ ಮಾಡಿ, ಮರ್ಯಾದಸ್ಥನಂತೆ ತನ್ನ ಹೆಸರನ್ನು ಕೊನೆಗೆ ಹಾಕಿದ.

ಬೀಗ ತೆರೆಯಿತು. ಹೊರಗೆ ಟ್ಯಾಂಕರ್ ಹಾರ್ನ್ ಕೇಳಿಸಿತು. ಸಾಬಿರಾ ಬಗ್ಗಿ ಪಟ್ಟಿ ಓದಿದಳು: ಮೊದಲು ಜಟ್ಟೆಮ್ಮ, ಎರಡನೆಯದು ತಾನು, ಹದಿನಾಲ್ಕನೆಯದು ಮುನೀಂದ್ರ.

"ಇದು ಪಟ್ಟಿ ಅಲ್ಲ ಕಣ್ರೀ, ಈಗ ನಾನೇ ಟೈಪ್ ಮಾಡಿದ್ದು" ಎಂದು ಮುನೀಂದ್ರ ಕಣ್ಣುಕಣ್ಣು ಬಿಟ್ಟ.

"ಚೆಲ್ಲಿದ್ದು ಪಟ್ಟಿ ಮೇಲೇ ಬಿದ್ದಿದೆ ಅಂಕಲ್. ಹಳೇದು ಹೋಯ್ತು" ಎಂದಳು ಪೂಜಿತಾ.

ತಿದ್ದಲು ಹೋದವನ ಕೈಯನ್ನು ಜಟ್ಟೆಮ್ಮ ಹಿಡಿದಳು. "ತಿದ್ದಬಾರದು ಅಂತನ ಕೀಲಿ ಹಾಕಿದ್ರಲ್ರಿ ಅಣ್ಣಾರ. ಈಗ ನೀವ ತಿದ್ದಿದ್ರ ಹ್ಯಾಂಗ್ರಿ?"

ವಠಾರವೆಲ್ಲ ಹೌದೌದೆಂದಿತು. ಮುನೀಂದ್ರನ ಸರದಿ ಬರುವಷ್ಟರಲ್ಲಿ ಪೈಪು ಅರ್ಧ ಕೊಡ ತುಂಬಿಸಿ ಗೊರಗೊರ ಎಂದಿತು. ಗೇಟಿನಲ್ಲಿ ನಾಲ್ಕು ಆಟೋ ಬಂದು ನಿಂತವು. ಮೊದಲು ಇಳಿದ ಅತ್ತೆ, ಪ್ರಯಾಣದಲ್ಲಿ ಮೈಯೆಲ್ಲ ಧೂಳಾಗಿದೆ, ಎಲ್ಲರೂ ಸ್ನಾನ ಮಾಡಿಯೇ ಊಟಕ್ಕೆ ಕೂರುತ್ತೇವೆ ಎಂದರು.