ಉರಿಯದ ನಿಂಬೆಹಣ್ಣು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ ಎಂದು ನಾನು ಎಷ್ಟು ಜನಕ್ಕೆ ಆಣೆ ಮಾಡಿ ಹೇಳಿದ್ದೇನೋ! ಹೇಳಿ ಮನೆ ಸೇರುವಷ್ಟರಲ್ಲಿ ಅವರೇ ನನ್ನ ಮಾತನ್ನು ಸುಳ್ಳು ಮಾಡಿರುತ್ತಾರೆ.

ಮಾವನ ಊರು ಹಳ್ಳಿಮೈಸೂರಿನ ಪಕ್ಕ. ಒಂಬತ್ತು ವರ್ಷದ ಹಿಂದೆ ಅತ್ತೆಗೆ ಬಾಯಿಯ ಕಾಯಿಲೆಯಾಗಿ ಹಾಸನದಲ್ಲಿ ಚಿಕಿತ್ಸೆ ನಡೆಯಿತು. ಕಾಯಿಲೆ ಹೋಯಿತು. ಆದರೆ ಹುಳಿ ತಾಗಿದರೆ ನಾಲಿಗೆ ಉರಿಯುವುದು ನಿಲ್ಲಲಿಲ್ಲ. ನಿಂಬೆಹಣ್ಣಿನ ಚಿತ್ರಾನ್ನವೆಂದರೆ ಪ್ರಾಣ ಬಿಡುತ್ತಿದ್ದ ಅತ್ತೆ ಅದರ ಆಸೆಯನ್ನೇ ಬಿಟ್ಟರು. ಬೇರೆ ಗಂಡನಾಗಿದ್ದರೆ ಏನು ಮಾಡುತ್ತಿದ್ದ? ಉಪ್ಪಿಟ್ಟು ತಿನ್ನು ಎನ್ನುತ್ತಿದ್ದ. ಮಾವ ಉರಿಯದ ನಿಂಬೆಹಣ್ಣನ್ನೇ ಹುಟ್ಟಿಸುತ್ತೇನೆಂದು ಹೊರಟರು! ನಿಂಬೆಯ ಘಮ, ಮೂಸಂಬಿಯ ಸಾಧು ಸ್ವಭಾವ, ಎರಡನ್ನೂ ಕೂಡಿಸಿದರೆ ಮುಗಿಯಿತಂತೆ.

ನಿಂಬೆಯ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಮೂಸಂಬಿ ಹೂವಿನ ಪರಾಗ ಸವರಬೇಕು. ಅದಕ್ಕೆ ಮಾವನ ಮೀಸೆಗೆ ಬಣ್ಣ ಹಚ್ಚುವ ಬ್ರಷ್ಷೇ ತೋಟಕ್ಕೆ ಹೋಯಿತು. ತಿಂಗಳಲ್ಲಿ ಮೀಸೆ ಬೆಳ್ಳಗಾಗಿ, ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಸ್ವಂತ ಷಡ್ಡಕರೇ ಗುರುತು ಹಿಡಿಯದೆ, ಹಿರಿಯರು ಬನ್ನಿ ಎಂದು ಕೈಹಿಡಿದು ಕೂರಿಸಿದರು.

ಪರಾಗ ಸವರಿದ ಹೂವಿಗೆ ದುಂಬಿ ಮುಟ್ಟದಂತೆ ಚೀಲ ಕಟ್ಟಬೇಕಲ್ಲ? ಅತ್ತೆ ಟ್ರಂಕಿನಲ್ಲಿ ಕೂಡಿಟ್ಟಿದ್ದ ರವಿಕೆ ಕಣಗಳೆಲ್ಲ ಕತ್ತರಿಗೆ ಸಿಕ್ಕವು! ಕೆಂಪು, ಹಸಿರು ಗಂಟುಗಳ ಗಿಡ ಕಂಡು, ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರಿಬ್ಬರು ಹರಕೆ ಗಿಡವೆಂದುಕೊಂಡು ಕಾಯಿ ಒಡೆದರು. ಮಾವ ತಡೆದರೇ? ಒಂದು ಹೋಳು ಈಸಿಕೊಂಡು, ಬರುವ ಶುಕ್ರವಾರ ಬಾಳೆಹಣ್ಣೂ ತನ್ನಿ ಎಂದರು.

ಆ ಹೂಗಳು ಕೊಟ್ಟ ಬೀಜದಲ್ಲಿ ಉಳಿದು ಬೆಳೆದದ್ದು ಒಂದೇ ಗಿಡ. ಎಂಟು ವರ್ಷವಾದರೂ ಅದು ಯಾವ ಮೂಲೆಯಲ್ಲಿದೆ ಎಂದು ನಾನು ಕೇಳಿದವನಲ್ಲ.

ಹೋದ ತಿಂಗಳು ಹಳೆಯ ಕಾರೊಂದನ್ನು ಕೊಂಡು, ಮಾವನ ಮನೆ ಮುಂದೆ ಪೂಜೆಗೆ ನಿಲ್ಲಿಸಿದೆ. ಚಕ್ರ ನಾಲ್ಕು, ನಾನು ತಂದಿದ್ದ ನಿಂಬೆಹಣ್ಣು ಮೂರು. ಹಿತ್ತಲಿಗೆ ಹೋದೆ. ಹಳದಿ ಹಣ್ಣೊಂದು ಕಂಡಿತು. ಕಿತ್ತು ತಂದು ಚಕ್ರದಡಿ ಇಟ್ಟು ಕಾರು ಹತ್ತಿಸಿಯೇಬಿಟ್ಟೆ. ಪಚಕ್!

ಅದು ಆ ಗಿಡದ ಮೊದಲ ಹಣ್ಣು. ಇದ್ದದ್ದೂ ಅದೊಂದೇ! ದೃಷ್ಟಿಯಾದೀತೆಂದು ಮಾವ ಯಾರಿಗೂ ಹೇಳಿರಲಿಲ್ಲ. ನಾನು ದೃಷ್ಟಿ ತೆಗೆಯಲೆಂದೇ ಅದನ್ನು ಜಜ್ಜಿದ್ದೆ. ವಿಷಯ ತಿಳಿದೊಡನೆ ಕಾರನ್ನು ಹಿಂದಕ್ಕೆ ತೆಗೆದೆ.

ಮಾವ ಬೈಯಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮಣ್ಣು ತಾಗದ ಅರ್ಧ ಹೋಳನ್ನು ಬಿಡಿಸಿಕೊಂಡು, ಬೀಜಗಳನ್ನು ಒಂದೊಂದಾಗಿ ಆರಿಸಿ, ಒಳಗೆ ಹೋದರು. ಒಗ್ಗರಣೆ ಹಾಕಿದ ಬಿಸಿ ಅನ್ನಕ್ಕೆ ಹಿಂಡಿ, ತಾವೇ ಕಲಸಿ ಅತ್ತೆಯ ಮುಂದಿಟ್ಟರು. ಅತ್ತೆ ಒಂದಗುಳು ಬಿಡದೆ ಉಂಡರು.

"ಉರೀತಾ?" ಎಂದರು ಮಾವ.

"ಇಲ್ಲ ಕಣಿ. ಒಂಚೂರೂ ಉರೀನಿಲ್ಲ."

ಮಾವ ಆ ಬಿಳಿ ಮೀಸೆಯೆಲ್ಲ ಅರಳುವಂತೆ ನಕ್ಕು, ಕೈ ತೊಳೆಯಲು ಬಚ್ಚಲಿಗೆ ಹೋದರು. ಅವರು ಹಿಂಡಿ ಬಿಟ್ಟಿದ್ದ ಹೋಳನ್ನು ನಾನು ನಾಲಿಗೆಗೆ ತಾಗಿಸಿದೆ. ಅಬ್ಬಾ! ಹುಟ್ಟಿದಾಗಿನಿಂದ ಅಷ್ಟು ಹುಳಿ ನಾನು ತಿಂದಿಲ್ಲ. ಗಾಬರಿಯಾಗಿ ಅತ್ತೆಯ ಕಡೆ ತಿರುಗಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬೀಜಗಳನ್ನು ಒದ್ದೆ ಬಟ್ಟೆಗೆ ಸುತ್ತುತ್ತಿದ್ದರು.

"ಸುಮ್ಕಿರು ಮಗ," ಎಂದರು ಮೆಲ್ಲಗೆ. "ಇವನ್ನೂ ನೆಡ್ಲಿ. ಇನ್ನೆಂಟು ವರ್ಸ ನಾನೂ ಇರ್ತೀನಿ."